ಅತ್ತೆಯವರು ಅರಮನೆಯ ಮಹಡಿ ಹತ್ತಿದ್ದು

ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟವರು ಜೊತೆಯ ಕೆಲಸಗಾರರು. ಆಳು ಉದ್ದ, ಕತ್ತು ಇನ್ನೂ ಉದ್ದ. ಸಾಲದ್ದಕ್ಕೆ ಇಪ್ಪತ್ತನಾಲ್ಕು ವರ್ಷಗಳಿಂದ ಲಿಫ್ಟ್ ರಿಪೇರಿಯ ಕೆಲಸ. ಲಿಫ್ಟು ಹತ್ತಿಳಿಯುವ ಕತ್ತಲೆಯ ಶಾಫ್ಟಿನ ತಳದಲ್ಲಿ ನಿಂತು ಮೇಲೆ ನೋಡಿ ನೋಡಿ ಆ ಕತ್ತಿಗೆ ಹಿಂದಕ್ಕೆ ವಾಲುವುದೇ ಅಭ್ಯಾಸವಾಗಿಬಿಟ್ಟಿತ್ತು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೂ ಅವನು ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಅಲ್ಲಿನ ಲಿಫ್ಟಿನ ಆರೋಗ್ಯವನ್ನು. ನೆಂಟರ ಮದುವೆಯಲ್ಲಿ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ಇವನು ಮೂಲೆಯ ಲಿಫ್ಟಿನ ಸದ್ದಿಗೆ ಕಿವಿಗೊಟ್ಟು, "ಬೇರಿಂಗ್ ಹೋಗಿದೆ ಕಣೇ, ಇನ್ನೊಂದು ತಿಂಗಳು ಬಂದ್ರೆ ಹೆಚ್ಚು" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಡುತ್ತಿದ್ದ.

ಕೆಲಸದಲ್ಲಿ ಕೈ ಎಷ್ಟು ಚುರುಕೋ ಮಾತು ಅಷ್ಟೇ ತಣ್ಣಗೆ. ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಬಾಗಿಲು ಬಡಿದು ಕೂಗಾಡುವಾಗ ಇವನು ಹೊರಗಿನಿಂದ, "ಎಷ್ಟು ಜನ ಇದ್ದೀರಿ? ಯಾರಿಗೆ ಹಸಿವಾಗಿದೆ?" ಎಂದು ಕೇಳುತ್ತಿದ್ದ. ಹಸಿವಿನ ಮಾತೆತ್ತಿದ ಕೂಡಲೇ ಜನಕ್ಕೆ ಅರ್ಧ ಹೆದರಿಕೆ ಇಳಿದುಹೋಗುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ.

ಅವನ ಕಸುಬನ್ನು ಕಂಡರಾಗದವರು ಒಬ್ಬರೇ, ಅವನ ಅತ್ತೆ. ಮದುವೆಯ ಮಾತುಕತೆಯ ದಿನ, "ಹಗ್ಗ ಹಿಡ್ಕೊಂಡು ನೇತಾಡೋನಿಗೆ ನನ್ನ ಮಗಳನ್ನ ಹೇಗೆ ಕೊಡ್ಲಿ" ಎಂದು ಪಟ್ಟು ಹಿಡಿದು ಕೂತಿದ್ದರು. ಮಗಳು ಅದಕ್ಕಿಂತ ಗಟ್ಟಿಯಾಗಿ ಪಟ್ಟು ಹಿಡಿದದ್ದರಿಂದ ಮದುವೆ ನಡೆಯಿತು. ಆಮೇಲೆ ಅಳಿಯನ ಮೇಲೆ ಮುನಿಸೇನೂ ಉಳಿಯಲಿಲ್ಲ, ಆದರೆ ಲಿಫ್ಟಿನ ಮೇಲೆ ಉಳಿಯಿತು. ಮಗಳ ಮನೆ ಮೂರನೇ ಮಹಡಿಯಲ್ಲಿತ್ತು. ಬಂದಾಗಲೆಲ್ಲ ಮೆಟ್ಟಿಲಲ್ಲೇ ಹತ್ತುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಬರುವುದನ್ನೇ ನಿಲ್ಲಿಸಿದರು. "ಆ ಡಬ್ಬದೊಳಗೆ ನಿಂತು ಬಾಗಿಲು ಹಾಕಿಸ್ಕೊಳ್ಳೋಕೆ ನಾನೇನು ಬಿಸ್ಕತ್ತಾ?" ಎಂಬುದು ಅವರ ವಾದ. ಹೀಗಾಗಿ ವಾರಕ್ಕೊಮ್ಮೆ ಗಂಡ ಹೆಂಡತಿಯೇ ಅವರ ನೆಲಮಹಡಿಯ ಮನೆಗೆ ಹೋಗಿಬರುತ್ತಿದ್ದರು.

ಅತ್ತೆಯೂ ಕಸುಬಿನವರೇ. ನಲವತ್ತು ವರ್ಷ ದೊಡ್ಡ ಉಡುಪಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕೈಹೊಲಿಗೆ ಮಾಡಿದವರು. ಕಾಜ, ಅಂಚು, ಕಾಲರು, ತೋಳಿನ ಸುತ್ತಿನ ನೆರಿಗೆ, ಏನು ಕೊಟ್ಟರೂ ಸರಿ. ಯಾರಾದರೂ ಹೊಸ ಬಟ್ಟೆ ತೋರಿಸಿದರೆ ಹೊರಗಿನ ಬಣ್ಣ ನೋಡದೆ ಮೊದಲು ಒಳಮೈ ತಿರುಗಿಸುತ್ತಿದ್ದರು.

ಆ ಊರಿನ ಅರಮನೆ ಮ್ಯೂಸಿಯಮ್ ಆಗಿ ಎಷ್ಟೋ ವರ್ಷಗಳಾಗಿದ್ದವು. ಊರಿನವರಾದ್ದರಿಂದಲೇ ಇವರ ಮನೆಯವರು ಯಾರೂ ಅದರೊಳಗೆ ಕಾಲಿಟ್ಟಿರಲಿಲ್ಲ. ಎಲ್ಲಿ ಓಡಿಹೋಗುತ್ತೆ, ಇನ್ನೊಂದು ಸಲ ನೋಡಿದರಾಯಿತು ಎಂದು ಬಿಟ್ಟು ಬಿಟ್ಟು ಅತ್ತೆಗೆ ಎಪ್ಪತ್ತೊಂದಾಗಿತ್ತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಎಂಬತ್ತು ವರ್ಷ ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟಿದ್ದ ರಾಣಿಯ ಉಡುಪುಗಳನ್ನು ಹೊರತೆಗೆದು ಅರಮನೆಯ ಮೇಲ್ಮಹಡಿಯಲ್ಲಿ ನೋಡಲು ಇಟ್ಟಿದ್ದಾರಂತೆ. ಅತ್ತೆ ಆ ಸುದ್ದಿಯನ್ನು ಕತ್ತರಿಸಿ ಕೈಚೀಲದಲ್ಲಿಟ್ಟುಕೊಂಡು ಮಗಳಿಗೆ ಫೋನ್ ಮಾಡಿದರು. "ಭಾನುವಾರ ಹೋಗೋಣ. ನಿನ್ನ ಗಂಡನಿಗೂ ಹೇಳು. ಬೇರೆ ಕೆಲಸ ಇಟ್ಕೋಬೇಡಿ."

ಹತ್ತು ಗಂಟೆಗೆ ತೆರೆಯುವ ಬಾಗಿಲಿಗೆ ಅತ್ತೆ ಏಳಕ್ಕೇ ಸಿದ್ಧರಾಗಿ ಕೂತಿದ್ದರು. ದೂರ ನೋಡುವ ಕನ್ನಡಕ ಒಂದು, ಹೊಲಿಗೆಯ ಕನ್ನಡಕ ಒಂದು, ನೀರಿನ ಬಾಟಲಿ, ಬಿಸ್ಕತ್ತು, ಎಲ್ಲ ಚೀಲದೊಳಗೆ. ಟಿಕೆಟ್ ಹರಿದು ಒಳಗೆ ಬಿಟ್ಟಾಗ ಅವರ ಕೆನ್ನೆ ಕೆಂಪಾಗಿತ್ತು. ನೆಲ ಸವೆಯಬಾರದೆಂದು ಎಲ್ಲರ ಬೂಟಿನ ಮೇಲೂ ಬಟ್ಟೆಯ ಚೀಲ ತೊಡಿಸಿದರು. ಜಾರುವ ಹೆಜ್ಜೆಯಲ್ಲಿ ಮೂವರೂ ದರ್ಬಾರು ಕೋಣೆ ಹೊಕ್ಕರು. ಅರವತ್ತು ಜನ ಕೂರುವ ಊಟದ ಮೇಜು, ಗೋಡೆಯಷ್ಟೆತ್ತರದ ಕನ್ನಡಿಗಳು, ಒಬ್ಬೊಬ್ಬರಿಗೆ ಹನ್ನೊಂದು ಚಮಚ. ರಾಜನ ಮಂಚ ನೋಡಿ ಅತ್ತೆ ಅಳತೆ ಹಾಕಿಯೇಬಿಟ್ಟರು. "ಕುಳ್ಳ. ಪಟದಲ್ಲಿ ಎತ್ತರ ಬರೆಸ್ಕೊಂಡಿದ್ದಾನೆ." ಕೊಕ್ಕರೆಗೋ ತೂಗುದೀಪಗಳದೇ ಧ್ಯಾನ. ಇಷ್ಟು ಭಾರದ ದೀಪವನ್ನು ಒರೆಸಲು ಕೆಳಗೆ ಹೇಗೆ ಇಳಿಸುತ್ತಿದ್ದರು, ರಾಟೆ ಎಲ್ಲಿದೆ ಎಂದು ಕತ್ತು ಹಿಂದೆ ಚಾಚಿಕೊಂಡೇ ನಡೆದು ಇಬ್ಬರು ಪ್ರವಾಸಿಗರ ಕಾಲು ತುಳಿದ.

ಆಮೇಲೆ ಮೆಟ್ಟಿಲು ಬಂತು. ಅಮೃತಶಿಲೆಯದು, ಅಗಲವಾದದ್ದು, ಅರವತ್ತನಾಲ್ಕು. ಅತ್ತೆ ಕಟಾಂಜನ ಹಿಡಿದು ಒಂಬತ್ತು ಹತ್ತಿದರು. ಹತ್ತನೆಯದಕ್ಕೆ ಕಾಲೆತ್ತಲು ನೋಡಿದರು, ಮಂಡಿ ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದರು. ಮಗಳು ತೋಳು ಹಿಡಿದಳು. ಅಳಿಯ ಎತ್ತಿಕೊಂಡು ಹೋಗುತ್ತೇನೆಂದ.

"ಬೇಡ ಅಳಿಯಂದ್ರೇ. ರಾಣಿ ಮುಂದೆ ಮೂಟೆ ಥರ ಹೋಗಿ ನಿಲ್ಲೋಕೆ ಆಗಲ್ಲ" ಎಂದರು ಅತ್ತೆ. ಹಿಂದಿರುಗಿ ಇಳಿದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು. "ನೀನು ಹೋಗಿ ನೋಡ್ಕೊಂಡು ಬಾ" ಎಂದು ಮಗಳನ್ನು ಕಳಿಸಿದರು. ಮುಖದ ಬಣ್ಣ ಇಳಿದಿತ್ತು. ಚೀಲದಿಂದ ತೆಗೆದ ಹೊಲಿಗೆಯ ಕನ್ನಡಕವನ್ನು ಸುಮ್ಮನೆ ಒರೆಸತೊಡಗಿದರು.

ಕೊಕ್ಕರೆಗೆ ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಎದ್ದು ಅತ್ತಿತ್ತ ನಡೆದ. ಬೆಂಚಿನ ಆಚೆ, ಮೆಟ್ಟಿಲಿನ ಮರೆಯಲ್ಲಿ, ಕೆಂಪು ಹಗ್ಗ ಕಟ್ಟಿ 'ಮುಟ್ಟಬಾರದು' ಎಂದು ಬರೆದ ಜಾಗವಿತ್ತು. ಹಗ್ಗದ ಹಿಂದೆ ಹಿತ್ತಾಳೆಯ ಜಾಲರಿ ಬಾಗಿಲು. ಅದರ ಹಿಂದೆ ಮರದ ಪುಟ್ಟ ಕೋಣೆ, ಒಳಗೆ ಹಸಿರು ಮಖಮಲ್ಲಿನ ಕುಳಿತುಕೊಳ್ಳುವ ಹಲಗೆ.

ಅವನು ಹಗ್ಗದವರೆಗೂ ಹೋಗಿ ಬಗ್ಗಿ ನೋಡಿದ. ಅದು ಲಿಫ್ಟು.

ಅದೇ ಹೊತ್ತಿಗೆ ದಪ್ಪ ಮೀಸೆಯ ಗೈಡೊಬ್ಬ ಹತ್ತು ಹದಿನೈದು ಜನರನ್ನು ಕರೆದುಕೊಂಡು ಬಂದ. "ಇದು ರಾಣಿಯವರ ಸ್ವಂತ ಲಿಫ್ಟ್. ಕರೆಂಟ್ ಬಂದ ಹೊಸದರಲ್ಲಿ ಹಾಕಿಸಿದ್ದು. ಈ ದಂತದ ಗುಂಡಿ ಒತ್ತಿದರೆ ಸಾಕು, ಮೇಲೆ ಹೋಗುತ್ತಿತ್ತು" ಎಂದ.

"ಇದು ಕರೆಂಟಿಂದಲ್ಲ" ಎಂದಿತು ಹಿಂದಿನಿಂದ ಒಂದು ದನಿ.

ಗೈಡು ತಿರುಗಿ ನೋಡಿದ. "ನೀವು ಯಾವಾಗ ಹತ್ತಿದ್ದಿರಿ ಸ್ವಾಮಿ?" ಜನ ನಕ್ಕರು.

"ಹತ್ತಿಲ್ಲ. ಒಂದೇ ಗುಂಡಿ ಇದೆ ನೋಡಿ. ಮೇಲೆ ಹೋದ ರಾಣಿ ಕೆಳಗೆ ಹೇಗೆ ಬರ್ತಿದ್ರು?" ಎಂದ ಕೊಕ್ಕರೆ. "ಅದು ಗಂಟೆಯ ಗುಂಡಿ. ಕೆಳಗೆ ಯಾರೋ ನಿಂತು ಹಗ್ಗ ಎಳೀತಿದ್ರು, ಅವರಿಗೆ ಸನ್ನೆ."

ಗೈಡು ಮೀಸೆ ನೀವಿಕೊಂಡ. ಜನರನ್ನು ಬೇಗ ಬೇಗ ಆನೆದಂತದ ಕೋಣೆಯತ್ತ ಹೊರಡಿಸಿದ. ಅವರು ಹೋದದ್ದೇ ತಡ, ಕೊಕ್ಕರೆ ಕೆಂಪು ಹಗ್ಗ ದಾಟಿ, ಜಾಲರಿಯ ಮೂಲೆಯಲ್ಲಿ ಮುರಿದಿದ್ದ ಜಾಗದಿಂದ ತಲೆ ತೂರಿಸಿ ಮೇಲೆ ನೋಡಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಅಂಥದ್ದನ್ನು ಅವನು ನೋಡಿರಲಿಲ್ಲ. ಇಕ್ಕೆಲದಲ್ಲಿ ತೇಗದ ಕಂಬಗಳು, ತುದಿಯಲ್ಲಿ ಆಳೆತ್ತರದ ಮರದ ಚಕ್ರ, ಅದರ ಹಲ್ಲುಗಳ ಮೇಲೆ ಮಸುಕು ಬೆಳಕು.

"ಏನ್ರೀ ಅದು, ತಲೆ ಎಲ್ಲಿಟ್ಟಿದ್ದೀರಿ?" ಕಾವಲುಗಾರನೊಬ್ಬ ಓಡಿಬಂದ. "ಸಿಕ್ಕಿಕೊಂಡಿದೆಯಾ?"

"ಇಲ್ಲ, ನಾನೇ ಇಟ್ಟಿದ್ದೀನಿ. ನಿಮ್ಮ ಟಾರ್ಚ್ ಎರಡು ನಿಮಿಷ ಕೊಡ್ತೀರಾ?"

ಅವನನ್ನು ಹಿಡಿದು ಮ್ಯೂಸಿಯಮ್ಮಿನ ಮೇಲ್ವಿಚಾರಕಿಯ ಮುಂದೆ ನಿಲ್ಲಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಕೈತುಂಬ ಕಾಗದ, ಕಿವಿಯ ಹಿಂದೆ ಪೆನ್ಸಿಲು. ಬೈಯಲು ಬಾಯಿ ತೆರೆದಿದ್ದರು. ಆದರೆ ಕೊಕ್ಕರೆ ತಪ್ಪಾಯಿತು ಎನ್ನುವುದನ್ನೇ ಮರೆತು ಚಕ್ರದ ವಿಷಯ ಹೇಳತೊಡಗಿದ್ದ. ಎಷ್ಟು ಹಲ್ಲು, ಯಾವ ಮರ, ಹಗ್ಗ ಯಾವ ತೂತಿನಿಂದ ನೆಲಮಾಳಿಗೆಗೆ ಇಳಿದಿರಬೇಕು, ಎಲ್ಲ.

"ನಿಲ್ಲಿ ನಿಲ್ಲಿ" ಎಂದರು ಮೇಲ್ವಿಚಾರಕಿ. "ನೆಲಮಾಳಿಗೆಯಲ್ಲಿ ಒಂದು ಬೀಗ ಹಾಕಿದ ಕೋಣೆ ಇದೆ. ಗೋಡೆಗೆ ಎರಡು ಕಬ್ಬಿಣದ ಕೊಕ್ಕೆ, ಮೇಲೆ ತೂತು. ಏನಕ್ಕೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಶಿಕ್ಷೆ ಕೊಡೋ ಕೋಣೆ ಅಂತ ನಮ್ಮ ಗೈಡುಗಳು ಹೇಳ್ಕೊಂಡು ತಿರುಗ್ತಾರೆ."

"ಆ ತೂತು ಲಿಫ್ಟಿನ ಪಕ್ಕಕ್ಕೇ ಬರುತ್ತೆ ಮೇಡಂ. ಹೋಗಿ ನೋಡೋಣ್ವಾ?"

ಇಬ್ಬರೂ ಹೆಚ್ಚುಕಡಿಮೆ ಓಡಿದರು. ಬೀಗ ತೆಗೆದಾಗ ಧೂಳಿನಲ್ಲಿ ಅವನು ಹೇಳಿದ ಜಾಗದಲ್ಲೇ ತೂತು, ತೂತಿನ ಅಂಚಿನಲ್ಲಿ ವರ್ಷಗಟ್ಟಲೆ ಹಗ್ಗ ಉಜ್ಜಿ ಉಜ್ಜಿ ಕಲ್ಲು ನುಣ್ಣಗೆ ಸವೆದಿತ್ತು. ಮೂಲೆಯಲ್ಲಿ ಪುಟ್ಟ ಗಂಟೆ. ಮೇಲ್ವಿಚಾರಕಿ ಆ ಸವೆದ ಕಲ್ಲಿಗೆ ಬೆರಳಿಟ್ಟು ಸುತ್ತಲೂ ಸವರಿದರು. ಹದಿನಾರು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದವರಿಗೆ ಆ ಕೋಣೆ ಅಂದು ಮೊದಲ ಸಲ ಅರ್ಥವಾಗಿತ್ತು.

"ಇದು ಮತ್ತೆ ಓಡುತ್ತಾ?" ಎಂದು ಕೇಳಿದರು.

"ಓಡಿಸಬಹುದು. ನನಗೆ ಸೋಮವಾರ ರಜ" ಎಂದ ಕೊಕ್ಕರೆ. ಮ್ಯೂಸಿಯಮ್ಮಿಗೂ ರಜ ಸೋಮವಾರವೇ. ನಿಜ ಹೇಳಬೇಕೆಂದರೆ ಅವನಿಗೆ ರಜ ಇದ್ದದ್ದು ಭಾನುವಾರ. ಮರುದಿನವೇ ಕಂಪನಿಗೆ ಹೋಗಿ ಅದನ್ನು ಸೋಮವಾರಕ್ಕೆ ಬದಲಾಯಿಸಿಕೊಂಡ.

ಮೇಲಿನವರ ಅನುಮತಿ ಸಿಗಲು ಒಂದು ತಿಂಗಳು ಹಿಡಿಯಿತು. ಕಟ್ಟಡಗಳ ಇಂಜಿನಿಯರೊಬ್ಬರು ಬಂದು ನೋಡಿ, ಕೊನೆಯಲ್ಲಿ ತಾವು ಪರೀಕ್ಷೆ ಮಾಡಿ ಸಹಿ ಹಾಕುವವರೆಗೆ ನೊಣವನ್ನೂ ಅದರಲ್ಲಿ ಕೂರಿಸಕೂಡದು ಎಂದು ಬರೆದಿಟ್ಟು ಹೋದರು. ಆಮೇಲೆ ಹನ್ನೊಂದು ಸೋಮವಾರ ಕೊಕ್ಕರೆ ಆ ಶಾಫ್ಟಿನೊಳಗೆ ಇಳಿದ, ಹತ್ತಿದ, ತೆವಳಿದ.

ಮೊದಲ ಸೋಮವಾರ ಬರೀ ಕಸ ತೆಗೆದದ್ದಾಯಿತು. ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿನಿಂದ ಎಷ್ಟೋ ವರ್ಷ ಜಾರಿ ಬಿದ್ದದ್ದೆಲ್ಲ ತಳದ ಗುಂಡಿಯಲ್ಲಿ ಹಾಗೇ ಇತ್ತು. ತಲೆಪಿನ್ನು ಇನ್ನೂರರ ಮೇಲೆ, ಮುತ್ತಿನ ಗುಂಡಿ ಏಳು, ಮಗುವಿನ ಒಂದು ಕಾಲಿನ ಬೂಟು, ಚಮಚ, ಬೀಸಣಿಗೆಯ ತುಂಡು, ಅರ್ಧ ಬರೆದ ಒಂದು ಚೀಟಿ. ಅದರಲ್ಲಿ "ವೈದ್ಯರಿಗೆ ಹೇಳು, ನನಗೆ ತಲೆನೋವಿಲ್ಲ, ಬೇಜಾರು" ಎಂದಿತ್ತು. ಮೇಲ್ವಿಚಾರಕಿ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಒಂದೊಂದನ್ನೂ ಬಿಳಿ ಬಟ್ಟೆಯ ಮೇಲೆ ಇಸಿದುಕೊಳ್ಳುತ್ತಿದ್ದರು. "ಇನ್ನೇನಿದೆ? ಇನ್ನೇನಿದೆ?" ಎಂದು ಅವರು ಕೇಳುತ್ತಿದ್ದ ರೀತಿಗೆ ಕೊಕ್ಕರೆಗೆ ನಗು ಬಂತು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಹೆಂಡತಿ, "ರೀ, ರಾಣಿ ಮನೆ ಗ್ರೀಸೋ ನಮ್ಮೂರ ಗ್ರೀಸೋ, ಒಗೆಯೋದು ನಾನೇ ತಾನೆ" ಎಂದು ಅಂಗಿ ಎತ್ತಿ ತೋರಿಸುತ್ತಿದ್ದಳು. ಆದರೂ ರಾತ್ರಿ ಊಟಕ್ಕೆ ಕೂತಾಗ ಆ ದಿನ ಏನು ಸಿಕ್ಕಿತು ಎಂದು ಕೇಳದೆ ಬಿಡುತ್ತಿರಲಿಲ್ಲ. ಕೇಳಿದ್ದನ್ನು ಹಾಗೇ ಫೋನಿನಲ್ಲಿ ಅಮ್ಮನಿಗೆ ಒಪ್ಪಿಸುತ್ತಿದ್ದಳು.

ಐದನೇ ಸೋಮವಾರ ಅವನು ಆ ಲಿಫ್ಟಿನ ಪ್ರಾಣವನ್ನು ಕಂಡುಕೊಂಡ. ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ, ಎರಡು ಬದಿಯಲ್ಲೂ, ಮೊಸಳೆಯ ದವಡೆಯಂಥ ಕಬ್ಬಿಣದ ಹಲ್ಲುಗಳಿದ್ದವು. ಹಗ್ಗ ಬಿಗಿಯಾಗಿರುವವರೆಗೆ ಅದರ ಎಳೆತ ಸ್ಪ್ರಿಂಗನ್ನು ಅದುಮಿ ಅವನ್ನು ತೆರೆದು ಹಿಡಿಯುತ್ತದೆ. ಹಗ್ಗ ತುಂಡಾದರೆ ಹಲ್ಲು ಪಕ್ಕದ ತೇಗದ ಕಂಬವನ್ನು ಕಚ್ಚಬೇಕು. ನೂರು ವರ್ಷದ ಹಿಂದೆ ಯಾರೋ ಕಸುಬುದಾರ, ರಾಣಿಯ ಜೀವ ತನ್ನ ಕೈಯಲ್ಲಿದೆ ಎಂದು ತಿಳಿದು ಮಾಡಿದ ಕೆಲಸ. ಕೊಕ್ಕರೆ ತುಕ್ಕು ಉಜ್ಜಿ ತೆಗೆದ. ಸ್ಪ್ರಿಂಗುಗಳನ್ನು ಹೊಸದಾಗಿ ಮಾಡಿಸಿದ. ಭಾರ ಹೊರಲು ಉಕ್ಕಿನ ಹಗ್ಗ ತಂದ, ಕೈಯಲ್ಲಿ ಎಳೆಯಲು ದಪ್ಪ ನಾರಿನ ಹಗ್ಗ ಹಾಕಿದ.

ಇನ್ನು ಉಳಿದದ್ದು ಪರೀಕ್ಷೆ. ಅಂದು ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. "ಹನ್ನೊಂದು ವಾರ ಕಥೆ ಕೇಳಿದ್ದೀನಿ. ಕೊನೇ ಪುಟ ನಾನೇ ಓದ್ತೀನಿ" ಎಂದು ಅದೇ ಬೆಂಚಿನಲ್ಲಿ ಬಂದು ಕೂತರು. ಇಂಜಿನಿಯರು, ಮೇಲ್ವಿಚಾರಕಿ, ಗೈಡುಗಳು, ಕಸ ಗುಡಿಸುವವರು, ಎಲ್ಲರೂ ಸೇರಿದ್ದರು. ಪೆಟ್ಟಿಗೆಯೊಳಗೆ ಮೂರು ಜನರ ಭಾರದಷ್ಟು ಮರಳಿನ ಮೂಟೆ ತುಂಬಿ, ಪರೀಕ್ಷೆಗೆಂದೇ ಹಳೆಯ ಹಗ್ಗವೊಂದಕ್ಕೆ ಕಟ್ಟಿ ಒಂದು ಮಹಡಿ ಎತ್ತರಕ್ಕೆ ಏರಿಸಿದರು. ಕೊಕ್ಕರೆ ಮೇಲೆ ಚಕ್ರದ ಪಕ್ಕ ಕೂತು ಗರಗಸ ಕೈಗೆ ತೆಗೆದುಕೊಂಡ.

"ಎಲ್ರೂ ದೂರ ನಿಂತ್ಕೊಳ್ಳಿ" ಎಂದು ಮೇಲಿನಿಂದ ಕೂಗಿದ.

ಗರಗಸದ ಸದ್ದು ಶಾಫ್ಟಿನೊಳಗೆ ದೊಡ್ಡದಾಗಿ ಕೇಳಿಸಿತು. ಹಗ್ಗದ ಒಂದು ಎಳೆ ಹರಿಯಿತು, ಇನ್ನೊಂದು ಹರಿಯಿತು. ಅವನ ಅಂಗೈ ಬೆವೆತು ಗರಗಸದ ಹಿಡಿ ಜಾರುತ್ತಿತ್ತು. ಮೂರನೆಯ ಎಳೆಗೆ ಗರಗಸ ತಾಗುವ ಮೊದಲೇ ಭಾರ ತಡೆಯದೆ ಹಗ್ಗ ಫಟ್ಟೆಂದು ಹರಿದು ಅವನ ಕಿವಿಯ ಪಕ್ಕವೇ ಹಾರಿತು. ಕೆಳಗೆ ಧಡಲ್ ಎಂಬ ಶಬ್ದ, ಧೂಳು, ಯಾರೋ ಚೀರಿದ್ದು. ಆಮೇಲೆ ಏನೂ ಇಲ್ಲ.

"ಎಷ್ಟು ಇಳೀತು?" ಎಂದು ಅವನು ಕೇಳಿದ.

ಇಂಜಿನಿಯರು ಧೂಳಿನ ನಡುವೆ ಟೇಪು ಹಿಡಿದು ಅಳೆದರು. ಇನ್ನೊಮ್ಮೆ ಅಳೆದರು. "ಒಂದು ಗೇಣು. ಅಷ್ಟೂ ಇಲ್ಲ."

ಕಾವಲುಗಾರರು ಚಪ್ಪಾಳೆ ತಟ್ಟಿದರು. ಮೀಸೆಯ ಗೈಡು ಎಲ್ಲರಿಗಿಂತ ಜೋರಾಗಿ ತಟ್ಟಿದ. ಕೊಕ್ಕರೆ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗೆ ಬಂದಾಗ ಅತ್ತೆ ಎದ್ದು ನಿಂತು, ಹರಿದುಬಿದ್ದ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಎಳೆ ಎಳೆ ಬಿಡಿಸಿ ನೋಡುತ್ತಿದ್ದರು.

"ಈ ಹಲ್ಲಿನ ವಿಷಯ ಮದುವೆ ಹೊತ್ತಿಗೇ ಯಾಕೆ ಹೇಳ್ಲಿಲ್ಲ ನೀವು?" ಎಂದರು. "ಎಲ್ಲಾ ಲಿಫ್ಟಿಗೂ ಇರುತ್ತಾ ಇದು?"

"ಎಲ್ಲಾದಕ್ಕೂ ಇರುತ್ತೆ ಅತ್ತೆ. ನೀವು ಕೇಳ್ಲೇ ಇಲ್ಲ."

"ಹತ್ತೊಂಬತ್ತು ವರ್ಷ ಆಯ್ತು, ಮಂಡಿ ಹೋಗೋವರೆಗೂ ಮೆಟ್ಟಿಲು ಹತ್ತಿಸಿದ್ರಿ ನನ್ನ" ಎಂದು ಅವರು ಗದರಿದರು. "ಸರಿ, ನನ್ನನ್ನ ಯಾವಾಗ ಕೂರಿಸ್ತೀರಿ?"

ಇಂಜಿನಿಯರು ಸಹಿ ಹಾಕಿದ ಮರುವಾರ ಅವರನ್ನು ಕೂರಿಸಿದರು. ನೆಲಮಾಳಿಗೆಯಲ್ಲಿ ಇಬ್ಬರು ಕಾವಲುಗಾರರು ಹಗ್ಗ ಹಿಡಿದು ನಿಂತರು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಕೊಕ್ಕರೆ ಹಗ್ಗಕ್ಕೆ ನಡುಮಹಡಿಗೆ ಬಿಳಿ ದಾರ, ಮೇಲ್ಮಹಡಿಗೆ ಕೆಂಪು ದಾರ ಕಟ್ಟಿದ್ದ. ಅತ್ತೆ ಮಖಮಲ್ಲಿನ ಹಲಗೆಯ ಮೇಲೆ ಚೀಲವನ್ನು ಎದೆಗವಚಿ ಕೂತರು. ಅಳಿಯ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತ. ಮಗಳೂ ಮೇಲ್ವಿಚಾರಕಿಯೂ ಮೆಟ್ಟಿಲಿನ ದಾರಿಯಲ್ಲಿ ಓಡಿದರು. ಕೊಕ್ಕರೆ ಜಾಲರಿ ಎಳೆದು ದಂತದ ಗುಂಡಿ ಒತ್ತಿದ. ಕೆಳಗೆಲ್ಲೋ ಗಂಟೆ ಕಿಣಿಗುಟ್ಟಿತು. ಕಾಲಡಿಯ ನೆಲ ಮೆಲ್ಲಗೆ ಮೇಲೆದ್ದಿತು.

ಅತ್ತೆ ಕಣ್ಣು ಮುಚ್ಚಿದರು, ಒಂದು ಕಣ್ಣು ತೆರೆದರು, ಆಮೇಲೆ ಎರಡೂ ತೆರೆದರು. ಜಾಲರಿಯ ಆಚೆ ದರ್ಬಾರು ಕೋಣೆಯ ದೀಪಗಳು ಕೆಳಗಿಳಿಯುತ್ತಿದ್ದವು. "ಅಯ್ಯೋ, ಹೋಗ್ತಾ ಇದೆ" ಎಂದರು ಮಗುವಿನಂತೆ.

ಅಷ್ಟರಲ್ಲಿ ನಿಂತಿತು. ಎದುರಿಗೆ ಬರೀ ಗೋಡೆ. ಕೆಳಗಿನಿಂದ ವಾದ ಕೇಳಿಸಿತು. ಒಬ್ಬ ಬಿಳಿ ದಾರಕ್ಕೇ ನಿಲ್ಲಿಸಬೇಕು ಎನ್ನುತ್ತಿದ್ದ, ಇನ್ನೊಬ್ಬ ಕೆಂಪು ಎನ್ನುತ್ತಿದ್ದ, ಬಿಳಿ ದಾರ ಆಗಲೇ ಒಂದು ಮೊಳ ದಾಟಿಹೋಗಿತ್ತು.

ಅತ್ತೆ ಅಳಿಯನ ಮುಖ ನೋಡಿದರು. ಕೊಕ್ಕರೆಗೆ ಕಸುಬಿನ ಮಾತು ತಾನಾಗಿ ಬಾಯಿಗೆ ಬಂತು. "ಯಾರಿಗೆ ಹಸಿವಾಗಿದೆ?"

"ನನಗೇ ಆಗಿದೆ" ಎಂದು ಅತ್ತೆ ಚೀಲದಿಂದ ಬಿಸ್ಕತ್ತು ತೆಗೆದು ಅವನಿಗೊಂದು ಕೊಟ್ಟು ತಾವೊಂದು ಕಡಿದರು. ಅಗಿಯುತ್ತ ಮೇಲಿನ ಕಬ್ಬಿಣದ ಹಲ್ಲಿನ ಕಡೆ ನೋಡಿದರು. "ಅಳಿಯಂದ್ರೇ, ಆವತ್ತು ನಿಮಗೆ ಹಾಗೆ ಅಂದುಬಿಟ್ಟೆ, ಹಗ್ಗ ಹಿಡಿದು ನೇತಾಡೋನು ಅಂತ. ನಾನೂ ಜೀವಮಾನ ಪೂರ್ತಿ ದಾರ ಹಿಡ್ಕೊಂಡೇ ಬದುಕಿದೋಳು. ಅನ್ನಬಾರದಿತ್ತು."

ಕೊಕ್ಕರೆ ಅರ್ಧ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ಜಾಲರಿಯತ್ತ ಬಗ್ಗಿದ. "ಕೆಂಪು ದಾರ" ಎಂದು ಕೆಳಕ್ಕೆ ಕೂಗಿದ. ಪೆಟ್ಟಿಗೆ ಮತ್ತೆ ಏರಿತು.

ಮೇಲೆ ಜಾಲರಿ ತೆರೆದಾಗ ಮಗಳು ಏದುಸಿರು ಬಿಡುತ್ತ ನಿಂತಿದ್ದಳು. ಗಾಜಿನ ಹಿಂದೆ ರಾಣಿಯ ಹನ್ನೆರಡು ಉಡುಪುಗಳು. ಅತ್ತೆ ಮಂಡಿಯನ್ನೂ ಮರೆತು ಒಂದರ ಮುಂದಿಂದ ಇನ್ನೊಂದರ ಮುಂದಕ್ಕೆ ಸರಿದರು. ಕನ್ನಡಕ ಬದಲಾಯಿಸಿದರು, ಗಾಜಿಗೆ ಮೂಗು ಒತ್ತಿದರು. ನೀಲಿ ರೇಷ್ಮೆಯ ನಿಲುವಂಗಿಯ ಎದುರು ಬಹಳ ಹೊತ್ತು ನಿಂತು, ಆಮೇಲೆ ಮೇಲ್ವಿಚಾರಕಿಯನ್ನು ಹತ್ತಿರ ಕರೆದರು.

"ಇದನ್ನ ಮೂರು ಸಲ ಬಿಚ್ಚಿ ಅಗಲ ಮಾಡಿದ್ದಾರೆ. ಪಕ್ಕದ ಹೊಲಿಗೆ ನೋಡಿ, ಹಳೇ ಸೂಜಿಯ ತೂತು ಮೂರು ಸಾಲು ಇದೆ. ರಾಣಿ ದಪ್ಪ ಆಗ್ತಾ ಬಂದ್ರು, ಆದ್ರೂ ಈ ಬಟ್ಟೆ ಬಿಡೋಕೆ ಮನಸ್ಸು ಬರ್ಲಿಲ್ಲ" ಎಂದರು. "ಹೊಲಿಗೆ ವಾಲಿರೋದು ನೋಡಿ, ಹೊಲಿದೋಳು ಎಡಗೈಯವಳು. ಮೂರು ಸಲವೂ ಅವಳೇ."

ಮೇಲ್ವಿಚಾರಕಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಬರೆದುಕೊಳ್ಳತೊಡಗಿದರು. ಗೋಡೆಯ ಮೇಲಿನ ಫಲಕದಲ್ಲಿ ರಾಣಿಯ ಹೆಸರಿತ್ತು, ರೇಷ್ಮೆ ತಂದುಕೊಟ್ಟ ವ್ಯಾಪಾರಿಯ ಹೆಸರೂ ಇತ್ತು. ಹೊಲಿದವಳ ಸುದ್ದಿ ಇರಲಿಲ್ಲ. ಒಂದು ತಿಂಗಳ ಬಳಿಕ ಹೊಸ ಫಲಕ ಬಂತು. 'ಎಡಗೈಯ ದರ್ಜಿಯೊಬ್ಬಳ ಕೆಲಸ' ಎಂದು ಅದರಲ್ಲಿ ಸೇರಿಸಿದ್ದರು.

ಲಿಫ್ಟು ಈಗ ಮೆಟ್ಟಿಲು ಹತ್ತಲಾಗದವರಿಗಾಗಿ ದಿನಕ್ಕೆ ಹತ್ತು ಸಲ ಓಡುತ್ತದೆ. ಒಮ್ಮೆಗೆ ಒಬ್ಬರು, ಜೊತೆಗೊಬ್ಬರು. ಹಗ್ಗ ಎಳೆಯುವ ಸರದಿಗೆ ಕಾವಲುಗಾರರಲ್ಲಿ ಜಗಳವೇ ಆಗುತ್ತದಂತೆ. ತೊಂಬತ್ತು ದಾಟಿದ ಅಜ್ಜನೊಬ್ಬ ಕೆಳಗೆ ಕನ್ನಡಕ ಮರೆತೆ ಎಂದು ಹೇಳಿ ಹೇಳಿ ಒಂದೇ ಬೆಳಿಗ್ಗೆ ಮೂರು ಸಲ ಹತ್ತಿಳಿದನಂತೆ. ಕನ್ನಡಕ ಅವನ ಜೇಬಿನಲ್ಲೇ ಇತ್ತು, ಯಾರೂ ಹೇಳಲು ಹೋಗಲಿಲ್ಲ.

ಕಳೆದ ವಾರ ಬೆಳಿಗ್ಗೆ ಕೊಕ್ಕರೆ ಗಡ್ಡ ಹೆರೆಯುತ್ತಿದ್ದಾಗ ಮೇಲ್ವಿಚಾರಕಿಯ ಫೋನು ಬಂತು. ಅರಮನೆಯ ಅಡುಗೆಮನೆಯಲ್ಲಿ ಹಳೆಯ ಬೀರುವೊಂದನ್ನು ಸರಿಸಿದರೆ ಹಿಂದಿನ ಗೋಡೆಯಲ್ಲಿ ಪುಟ್ಟ ಬಾಗಿಲು, ಬಾಗಿಲೊಳಗೆ ಒಂದು ಹಗ್ಗ, ಹಗ್ಗದ ತುದಿಗೆ ತಟ್ಟೆಗಳನ್ನಿಡುವ ಕಪಾಟು ತೂಗಾಡುತ್ತಿದೆಯಂತೆ. "ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗ್ತಿಲ್ಲ" ಎಂದರು ಅವರು.

"ಯಾರೂ ಎಳೀಬೇಡಿ, ನಾನು ಬಂದೆ" ಎಂದ ಕೊಕ್ಕರೆ. ಅರ್ಧ ಮುಖದ ಸೋಪನ್ನು ತೋಳಿಗೆ ಒರೆಸಿಕೊಂಡು, ಟಾರ್ಚು ಹುಡುಕುತ್ತ, ಹೆಂಡತಿ ತಿಂಡಿ ತಿಂಡಿ ಎಂದು ಕೂಗುತ್ತಿದ್ದರೂ ಕೇಳಿಸದವನಂತೆ ಬಾಗಿಲು ದಾಟಿದ.